ಹೊಕ್ಕಳು ಬಳ್ಳಿಯ ರಕ್ತ: ಮನೆಯ ಕಣಜವೋ, ಊರ ಕಣಜವೋ?

(ಪ್ರಾಥಮಿಕ ಆರೋಗ್ಯ ಕೇಂದ್ರದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಈ ಸಭೆಗೆ ಗಂಡಂದಿರೂ ಬರತಕ್ಕದ್ದೆಂದು ಆಶಾ ಕಾರ್ಯಕರ್ತೆಯರ ಮೂಲಕ ಹೇಳಿ ಕಳುಹಿಸಿದ್ದೆ. ಬಿತ್ತನೆಯ ಕೆಲಸ ಬಿಟ್ಟು ಇಷ್ಟು ಮಂದಿ ಬಂದಿರುವುದು ಸಂತೋಷದ ಸಂಗತಿ. ಹೆರಿಗೆಯ ಮಾತು ಹೆಂಗಸರದು, ಹಣದ ಮಾತು ಗಂಡಸರದು ಎಂದು ಭಾಗ ಮಾಡಿಕೊಂಡರೆ ಇಂದಿನ ವಿಷಯ ಇಬ್ಬರಿಗೂ ಅರ್ಧ ಮಾತ್ರ ತಿಳಿದಂತಾಗುತ್ತದೆ. ಆದುದರಿಂದ ಕೂಡಿಯೇ ಕೇಳಬೇಕು.

ಕೆಲವು ಕಾಲದಿಂದ ಪೇಟೆಯ ಸ್ಕ್ಯಾನಿಂಗ್ ಕೇಂದ್ರಗಳಿಗೆ ಹೋಗಿ ಬರುವ ಗರ್ಭಿಣಿಯರ ಕೈಯಲ್ಲಿ ಬಣ್ಣದ ಕರಪತ್ರಗಳು ಕಾಣಿಸುತ್ತಿವೆ. ಮಗುವಿನ ಹೊಕ್ಕಳು ಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಬ್ಯಾಂಕಿನಲ್ಲಿಡಿರಿ, ಮುಂದೆ ಎಂಬತ್ತು ರೋಗಗಳಿಗೆ ಅದೇ ಮದ್ದು ಎಂದು ಅವುಗಳಲ್ಲಿ ಬರೆದಿರುತ್ತದೆ. ಈಚಿನ ಕೆಲವು ಕರಪತ್ರಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಇದು ಬರಿಯ ನಿಮ್ಮ ಸ್ವಂತದ ಠೇವಣಿಯಲ್ಲ, ಎಲ್ಲರದನ್ನೂ ಒಟ್ಟುಗೂಡಿಸಿದ ನಿಧಿ, ನಿಮಗೆ ಬೇಕಾದಾಗ ಇತರರದೂ ದೊರೆಯುತ್ತದೆ, ಎಂದು. ಇದರಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂದು ನನ್ನನ್ನು ಕೇಳಿದವರು ಹಲವರು. ಒಬ್ಬೊಬ್ಬರಿಗೆ ಬಾಗಿಲಲ್ಲಿ ನಿಂತು ಹೇಳಿ ಮುಗಿಯುವ ವಿಷಯ ಇದಲ್ಲ.

ಮೊದಲು ವಸ್ತು ಯಾವುದೆಂದು ತಿಳಿಯೋಣ. ಮಗು ಹುಟ್ಟಿದ ಸ್ವಲ್ಪ ಹೊತ್ತಿಗೆ ಮಾಸು ಬೀಳುತ್ತದೆ. ಹಿಂದೆ ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದಾಗ ಸೂಲಗಿತ್ತಿಯು ಅದನ್ನು ಹಿತ್ತಲಲ್ಲಿ ಆಳವಾಗಿ ಹೂಳಿಸುತ್ತಿದ್ದಳು. ಈಗ ಆಸ್ಪತ್ರೆಯಲ್ಲಿ ಹಳದಿ ಚೀಲಕ್ಕೆ ಹಾಕಿ ವಿಲೇವಾರಿ ಮಾಡುತ್ತೇವೆ. ಆ ಮಾಸಿನಲ್ಲಿಯೂ ಅದಕ್ಕೆ ಅಂಟಿದ ಬಳ್ಳಿಯಲ್ಲಿಯೂ ಸ್ವಲ್ಪ ರಕ್ತ ಉಳಿದಿರುತ್ತದೆ. ಅದು ಮಗುವಿನ ರಕ್ತ, ತಾಯಿಯದಲ್ಲ. ಬಳ್ಳಿಯನ್ನು ಕತ್ತರಿಸಿದ ಮೇಲೆ ಅದರ ನಾಳಕ್ಕೆ ಸೂಜಿ ಚುಚ್ಚಿ ಚೀಲಕ್ಕೆ ಇಳಿಸಿಕೊಳ್ಳಬಹುದು. ತಾಯಿಗೂ ಮಗುವಿಗೂ ನೋವಿಲ್ಲ. ದೊರೆಯುವುದು ಸಾಮಾನ್ಯವಾಗಿ ನೂರು ಮಿಲಿಲೀಟರಿನ ಆಸುಪಾಸು. ಒಂದು ಸಣ್ಣ ಲೋಟಕ್ಕೂ ಕಡಿಮೆಯೆನ್ನಿ.

ಈ ಅಲ್ಪ ರಕ್ತಕ್ಕೆ ಬೆಲೆ ಬಂದುದು ಅದರಲ್ಲಿರುವ ಆಕರಕೋಶಗಳಿಂದ. ನಮ್ಮ ಎಲುಬಿನೊಳಗಿನ ಮಜ್ಜೆಯಲ್ಲಿ ಈ ಕೋಶಗಳು ಇದ್ದುಕೊಂಡು ಜೀವಮಾನ ಪರ್ಯಂತ ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಕಣ ಇವೆಲ್ಲವನ್ನೂ ಉತ್ಪತ್ತಿ ಮಾಡುತ್ತಿರುತ್ತವೆ. ಬಿತ್ತನೆಯ ಬೀಜದಂತೆ ಎಂದರೆ ನಿಮಗೆ ಸುಲಭವಾಗಿ ತಿಳಿದೀತು. ಮಜ್ಜೆಯ ಹೊಲವೇ ಕೆಟ್ಟ ರೋಗಿಗೆ ಔಷಧದಿಂದ ಆ ಹೊಲವನ್ನು ಹಸನು ಮಾಡಿ, ಇನ್ನೊಬ್ಬರ ಒಳ್ಳೆಯ ಬೀಜವನ್ನು ಬಿತ್ತುವುದೇ ಮಜ್ಜೆ ಕಸಿ. ಹೊಕ್ಕಳು ಬಳ್ಳಿಯ ರಕ್ತದಿಂದಲೂ ಇದೇ ಕೆಲಸ ಸಾಧ್ಯವೆಂದು ಜಗತ್ತಿಗೆ ತೋರಿದುದು ೧೯೮೮ರಲ್ಲಿ. ಪ್ಯಾರಿಸ್ ನಗರದ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಎಂಬ ವೈದ್ಯೆಯು, ಫ್ಯಾನ್ಕೋನಿ ರಕ್ತಹೀನತೆಯೆಂಬ ಹುಟ್ಟು ರೋಗವಿದ್ದ ಅಮೆರಿಕದ ಬಾಲಕನೊಬ್ಬನಿಗೆ ಅವನ ತಂಗಿಯ ಹೊಕ್ಕಳು ರಕ್ತವನ್ನು ಕೊಟ್ಟು ಯಶಸ್ವಿಯಾದರು. ತಂಗಿಯದು ಎಂಬುದನ್ನು ಗಮನಿಸಿರಿ. ಅವನದೇ ರಕ್ತವಲ್ಲ. ಕರಪತ್ರ ಬರೆಯುವವರು ಈ ಒಂದು ಮಾತನ್ನು ಸಣ್ಣ ಅಕ್ಷರದಲ್ಲಿಯೂ ಬರೆಯುವುದಿಲ್ಲ.

ನಿಮ್ಮ ಮಗುವಿನ ರಕ್ತವನ್ನು ನಿಮ್ಮ ಮಗುವಿಗಾಗಿಯೇ ಕೂಡಿಡುವುದು ಕೇಳಲು ಬಹಳ ನ್ಯಾಯವಾಗಿ ತೋರುತ್ತದೆ. ಆದರೆ ಥಲಸ್ಸೀಮಿಯಾ, ಕುಡಗೋಲು ಕಣದ ರೋಗ ಮುಂತಾದ ವಂಶಪಾರಂಪರ್ಯ ರೋಗಗಳಲ್ಲಿ ದೋಷ ಇರುವುದು ಬೀಜದಲ್ಲಿಯೇ. ಜೊಳ್ಳಾದ ಬೆಳೆಯಿಂದ ತೆಗೆದಿಟ್ಟ ಬೀಜವನ್ನು ಮತ್ತೆ ಬಿತ್ತಿದರೆ ಜೊಳ್ಳೇ ಬರುತ್ತದೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಕೂಡ ಕೆಲವೊಮ್ಮೆ ಆ ದೋಷವು ಹುಟ್ಟುವಾಗಲೇ ಹೊಕ್ಕಳು ರಕ್ತದಲ್ಲಿ ಇದ್ದುದು ಕಂಡುಬಂದಿದೆ. ಅದೂ ಅಲ್ಲದೆ, ಬೇರೊಬ್ಬರ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳ ಮೇಲೆ ಹೋರಾಡುವಂತೆ ಸ್ವಂತ ಕೋಶಗಳು ಹೋರಾಡಲಾರವು. ಎಂಬತ್ತು ರೋಗಗಳ ಪಟ್ಟಿ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಪಟ್ಟಿಯ ಬಹುಪಾಲು ರೋಗಗಳಿಗೆ ಬೇಕಾದುದು ಇನ್ನೊಬ್ಬರ ರಕ್ತ. ತನ್ನದೇ ರಕ್ತ ತನಗೇ ಬೇಕಾಗುವ ಸಂಭವವನ್ನು ಕೆಲವು ಸಾವಿರ ಮಕ್ಕಳಲ್ಲಿ ಒಬ್ಬರಿಂದ ಹಿಡಿದು ಎರಡು ಲಕ್ಷದಲ್ಲಿ ಒಬ್ಬರವರೆಗೆ ತಜ್ಞರು ಅಂದಾಜು ಮಾಡಿರುತ್ತಾರೆ. ಮುಂದಿನ ಸ್ವಂತ ಬಳಕೆಗಾಗಿ ಕೂಡಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೧೭ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಬಳ್ಳಿಯ ಅಂಗಾಂಶ, ಹಲ್ಲು ಮೊದಲಾದವುಗಳನ್ನು ಕೂಡಿಡುವ ಬ್ಯಾಂಕುಗಳಿಗೆ ಆ ಮಾರ್ಗಸೂಚಿಯಲ್ಲಿ ಅನುಮತಿಯೇ ಇಲ್ಲ.

ಇಷ್ಟನ್ನು ಓದಿ ತಿಳಿದುಕೊಂಡಿದ್ದ ನಾನು ಒಮ್ಮೆ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕಾಗಿದೆ. ಸರ್ಕಾರಿ ಸೇವೆಗೆ ಸೇರಿದ ಎರಡನೆಯ ವರ್ಷ ಅದು. ಏಳು ತಿಂಗಳ ಗರ್ಭಿಣಿಯೂ ಆಕೆಯ ಗಂಡನೂ ಇಂಥದೇ ಒಂದು ಕರಪತ್ರ ಹಿಡಿದು ಬಂದರು. ಎರಡು ಎಕರೆ ಖುಷ್ಕಿ ಜಮೀನು, ಎರಡು ಹಸು, ಡೇರಿಗೆ ಹಾಕುವ ಹಾಲು, ಇಷ್ಟೇ ಅವರ ಆದಾಯ. ಹಣಕ್ಕೇನು ಮಾಡುವಿರೆಂದು ಕೇಳಿದರೆ, ಹಸು ಮಾರುತ್ತೇವೆ ಎಂದರು. ನನಗೆ ಕರಪತ್ರದವರ ಮೇಲೆ ಸಿಟ್ಟು ಬಂದಿತು. ಇದು ನಿಮಗೆ ಸುತರಾಂ ಬೇಡ, ಹಸುವನ್ನು ಇಟ್ಟುಕೊಂಡು ಆ ಹಾಲನ್ನು ಮನೆಯಲ್ಲಿ ಕುಡಿಯಿರಿ ಎಂದು ಹೇಳಿ ಕಳುಹಿಸಿದೆ. ಹೊರಗೆ ಐವತ್ತು ಮಂದಿ ಕಾದಿದ್ದರು. ಒಳ್ಳೆಯ ಸಲಹೆ ಕೊಟ್ಟೆನೆಂಬ ಸಮಾಧಾನವೂ ಆಯಿತು.

ಹೆರಿಗೆಯಾಗಿ ಮೂರೂವರೆ ತಿಂಗಳಾದಾಗ ಆ ತಾಯಿ ಕೂಸಿಗೆ ಲಸಿಕೆ ಹಾಕಿಸಲು ಬಂದಳು. ಜೊತೆಯಲ್ಲಿ ನಾಲ್ಕು ವರ್ಷದ ದೊಡ್ಡ ಮಗನೂ ಇದ್ದ. ಬಿಳಚಿದ ಮುಖ, ಉಬ್ಬಿದ ಕೆನ್ನೆಯೆಲುಬು, ಮುಟ್ಟಿದರೆ ಕೈಗೆ ಸಿಗುವ ಗುಲ್ಮ. ನೋಡಿದ ಕೂಡಲೇ ನನಗೆ ಎದೆ ಧಸಕ್ಕೆಂದಿತು. ಕೇಳಿದೆ. ಒಂದು ವರ್ಷದವನಿದ್ದಾಗಿನಿಂದ ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರಕ್ಕೆ ಒಯ್ದು ರಕ್ತ ಹಾಕಿಸುತ್ತಿರುವರಂತೆ. 'ಇವನಿಗೋಸ್ಕರವೇ ಅಲ್ಲವೇ ಡಾಕ್ಟರೇ ನಾವು ಆ ದಿವಸ ಕೇಳಿದ್ದು?' ಎಂದಳು ಆಕೆ. ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ನನಗೆ ಎಲ್ಲವೂ ತಿಳಿದಿದೆಯೆಂದೇ ಅವರು ಭಾವಿಸಿದ್ದರು. ಮನೆಯಲ್ಲಿ ಇನ್ನೊಂದು ಮಗುವಿದೆಯೇ, ಅದು ಹೇಗಿದೆ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅವರ ತಾಯಿ ಕಾರ್ಡಿನಲ್ಲಿ ಎರಡನೆಯ ಗರ್ಭವೆಂದು ಬರೆದಿದ್ದರೂ.

ಹುಟ್ಟಲಿರುವ ಮಗುವಿನ ಅಣ್ಣನಿಗೋ ಅಕ್ಕನಿಗೋ ತಂದೆತಾಯಿಗಳಿಗೋ ಮಜ್ಜೆ ಕಸಿಯಿಂದ ಗುಣವಾಗುವ ರೋಗವಿದ್ದರೆ ಆ ಹೊಕ್ಕಳು ರಕ್ತವನ್ನು ಅವರಿಗಾಗಿ ತೆಗೆದಿಡುವುದು ಯೋಗ್ಯವೆಂದು ಮಕ್ಕಳ ತಜ್ಞರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೇಳುತ್ತದೆ. ನಾನು ಬೇಡವೆಂದದ್ದು ಬೇಕಾಗಿದ್ದ ಒಂದೇ ಮನೆಗೆ.

ಮುಂದೇನಾಯಿತೆಂದು ನೀವು ಕೇಳುವಿರಿ. ಕಸಿ ಮಾಡುವ ಆಸ್ಪತ್ರೆಯಲ್ಲಿ ಇಬ್ಬರು ಮಕ್ಕಳ ಅಂಗಾಂಶ ಹೊಂದಾಣಿಕೆಯನ್ನೂ ಪರೀಕ್ಷಿಸಲಾಯಿತು. ಹೊಂದಲಿಲ್ಲ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಅಂದರೆ ಅಂದು ಹಸು ಮಾರಿ ಕೂಡಿಟ್ಟಿದ್ದರೂ ಆ ರಕ್ತ ಅಣ್ಣನಿಗೆ ಒದಗುತ್ತಿರಲಿಲ್ಲ. ನನ್ನ ತಪ್ಪು ಇದರಿಂದ ಅಳಿಸಿ ಹೋಗುವುದಿಲ್ಲ. ಹೊಂದುವುದೋ ಇಲ್ಲವೋ ನನಗೆ ಅಂದು ಗೊತ್ತಿರಲಿಲ್ಲವಷ್ಟೆ. ಇನ್ನೂ ದೊಡ್ಡ ತಪ್ಪು ಬೇರೆಯದು. ತಂದೆ ತಾಯಿ ಇಬ್ಬರೂ ಥಲಸ್ಸೀಮಿಯಾ ವಾಹಕರಾದಾಗ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಭಯವಿರುತ್ತದೆ. ಗರ್ಭದ ೧೦ರಿಂದ ೧೨ನೆಯ ವಾರದಲ್ಲಿ ಪರೀಕ್ಷೆ ಮಾಡಿಸಿ ತಿಳಿಯುವ ಮಾರ್ಗವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡನೆಯ ಮಗು ವಾಹಕವಾಗಿ ಆರೋಗ್ಯದಿಂದ ಹುಟ್ಟಿದುದು ನಮ್ಮೆಲ್ಲರ ಪುಣ್ಯ.

ಲೆಕ್ಕ ಬಲ್ಲವರಿಗಾಗಿ ಒಂದು ಮಾತು. ಹೊಸ ಮಗು ರೋಗವಿಲ್ಲದೆ ಹುಟ್ಟುವ ಸಂಭವ ನಾಲ್ಕರಲ್ಲಿ ಮೂರು. ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಎರಡೂ ಕೂಡಿ ಬರುವುದು ಹದಿನಾರರಲ್ಲಿ ಮೂರು ಸಲ. ದೊಡ್ಡ ಮಗುವಿನ ಕಸಿಗಾಗಿಯೇ ಇನ್ನೊಂದು ಮಗು ಹೆರೋಣವೆಂದು ಆಲೋಚಿಸುವ ದಂಪತಿಗಳು ಈ ಲೆಕ್ಕವನ್ನು ತಿಳಿದಿರಬೇಕು. ಹೊಂದಿದರೂ ಹೊಕ್ಕಳು ರಕ್ತವೊಂದೇ ದಾರಿಯಲ್ಲ. ತಮ್ಮನೋ ತಂಗಿಯೋ ತೂಕ ಬಂದು ಬೆಳೆದ ಮೇಲೆ ಅವರ ಮಜ್ಜೆಯನ್ನೇ ಕೊಡಬಹುದು. ವಾಹಕ ಮಗು ಕೂಡ ಕೊಡಬಹುದು. ಆದ್ದರಿಂದ ಬಳ್ಳಿಯ ರಕ್ತ ತಪ್ಪಿತೆಂದರೆ ಎಲ್ಲವೂ ತಪ್ಪಿತೆಂದು ಯಾರೂ ಕಂಗೆಡಬೇಕಾಗಿಲ್ಲ.

ಒಡಹುಟ್ಟಿದವರದು ಹೊಂದದ ಆ ಹುಡುಗನಿಗೆ ಬೇಕಾದುದು ಯಾರೋ ಅಪರಿಚಿತರ ಬೀಜ. ಮನೆಯ ಕಣಜ ಎಷ್ಟು ಭದ್ರವಾಗಿದ್ದರೇನು, ಅದರಲ್ಲಿ ತನಗೆ ಬೇಕಾದ ತಳಿಯೇ ಇಲ್ಲದಿದ್ದರೆ? ಇಲ್ಲಿಂದಲೇ ಊರ ಕಣಜದ ಮಾತು ಆರಂಭವಾಗುತ್ತದೆ.

ಸಾರ್ವಜನಿಕ ಬ್ಯಾಂಕು ಎಂದರೆ ತಾಯಂದಿರು ದಾನವಾಗಿ ಕೊಟ್ಟ ರಕ್ತವನ್ನು ಪರೀಕ್ಷಿಸಿ, ತಳಿಯನ್ನು ಬರೆದಿಟ್ಟು, ಯಾರಿಗೆ ಹೊಂದುವುದೋ ಅವರಿಗೆ ಕೊಡುವ ಏರ್ಪಾಡು. ೧೯೯೦ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ರಕ್ತ ಕೇಂದ್ರದಲ್ಲಿ ಡಾ. ಪಾಬ್ಲೊ ರೂಬಿನ್‌ಸ್ಟೈನ್ ಅವರು ಇದನ್ನು ಮೊದಲು ನಡೆಸಿ ತೋರಿಸಿದರು. ಕೊಡುವ ತಾಯಿಗೆ ಖರ್ಚಿಲ್ಲ, ಆ ರಕ್ತದ ಮೇಲೆ ಹಕ್ಕೂ ಇಲ್ಲ. ಖಾಸಗಿ ಬ್ಯಾಂಕಿನಲ್ಲಿ ಹಕ್ಕು ನಿಮ್ಮದು, ಹತ್ತಾರು ಸಾವಿರ ರೂಪಾಯಿಗಳ ಖರ್ಚೂ ನಿಮ್ಮದು. ಎರಡರಲ್ಲಿಯೂ ರಕ್ತವನ್ನು ಎರಡು ಮೂರು ದಿನಗಳೊಳಗೆ ಪ್ರಯೋಗಶಾಲೆಗೆ ಮುಟ್ಟಿಸಿ, ದ್ರವ ಸಾರಜನಕದಲ್ಲಿ ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ಶೀತದಲ್ಲಿ ಇಡಬೇಕಾಗುತ್ತದೆ. ಇದು ದುಬಾರಿಯಾದ ಕೆಲಸ. ದಾನದಿಂದ ನಡೆಯುವ ಬ್ಯಾಂಕಿಗೆ ಈ ವೆಚ್ಚವನ್ನು ಯಾರು ಕೊಡಬೇಕೆಂಬುದೇ ದೊಡ್ಡ ತೊಡಕು. ಖಾಸಗಿ ಬ್ಯಾಂಕಿಗೆ ಹಣದ ತೊಡಕಿಲ್ಲ. ಆದರೆ ಅಲ್ಲಿಟ್ಟ ರಕ್ತದಲ್ಲಿ ಬಹುಪಾಲು ಎಂದಿಗೂ ಯಾರ ಮೈಗೂ ಸೇರದೆ ಉಳಿಯುತ್ತದೆ.

ಇವೆರಡನ್ನೂ ಕೂಡಿಸಿದರೆ ಹೇಗೆ ಎಂಬ ಆಲೋಚನೆ ಹಲವು ಕಡೆ ಬಂದಿದೆ. ಬ್ರಿಟನ್ನಿನಲ್ಲಿ ೨೦೦೭ರಲ್ಲಿ ರಿಚರ್ಡ್ ಬ್ರಾನ್ಸನ್ ಎಂಬ ಉದ್ಯಮಿ ತೆರೆದ ಬ್ಯಾಂಕಿನಲ್ಲಿ ಒಂದೇ ಮಗುವಿನ ರಕ್ತವನ್ನು ಭಾಗ ಮಾಡಿ, ನೂರರಲ್ಲಿ ಇಪ್ಪತ್ತು ಪಾಲು ಮನೆಯವರಿಗೂ ಎಂಬತ್ತು ಪಾಲು ಸಾರ್ವಜನಿಕರಿಗೂ ಇಡುವ ಕ್ರಮವಿತ್ತು. ನ್ಯಾಯವಾದ ಪಾಲಿನಂತೆ ಕಾಣುತ್ತದೆ. ಆದರೆ ಕಸಿ ಹಿಡಿಯುವುದು ರೋಗಿಯ ತೂಕಕ್ಕೆ ತಕ್ಕಷ್ಟು ಕೋಶಗಳಿದ್ದಾಗ ಮಾತ್ರ. ಇಡೀ ಚೀಲವೇ ಸಣ್ಣ ಮಗುವಿಗೆ ಸಾಕಾಗುವಷ್ಟು. ದೊಡ್ಡವರಿಗೆ ಅನೇಕ ವೇಳೆ ಎರಡು ಚೀಲ ಬೇಕಾಗುತ್ತದೆ. ಇರುವುದೇ ಒಂದು ಸೇರು ಬೀಜವಾದಾಗ ಅದನ್ನು ಪಾಲು ಮಾಡಿದರೆ ಚಿಕ್ಕ ಪಾಲು ಯಾವ ಹೊಲಕ್ಕೂ ಸಾಲದು. ಸ್ಪೇನ್ ದೇಶದವರು ೨೦೦೬ರ ತಮ್ಮ ನಿಯಮದಲ್ಲಿ ಬೇರೊಂದು ದಾರಿ ಹಿಡಿದರು: ಖಾಸಗಿಯಾಗಿ ಇಡಬಹುದು, ಆದರೆ ಬೇರೆ ರೋಗಿಗೆ ಹೊಂದುವುದಾದರೆ ಕೊಡಲು ಸಿದ್ಧವಿರಬೇಕು. ಪಾಲು ಮಾಡುವುದಕ್ಕಿಂತ ಇದು ಮೇಲೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ೨೦೧೭ರಿಂದ ನಡೆದಿರುವುದು ಮೂರನೆಯ ಬಗೆ. ಹಣ ಕೊಟ್ಟು ಸದಸ್ಯರಾದವರೆಲ್ಲರ ರಕ್ತವೂ ಒಂದೇ ನಿಧಿ. ಯಾವ ಸದಸ್ಯನ ಮನೆಯಲ್ಲಿ ರೋಗ ಬಂದರೂ ಆ ನಿಧಿಯಲ್ಲಿ ಹೊಂದುವುದನ್ನು ಹುಡುಕಿ ಕೊಡುತ್ತಾರೆ. ಸಂಸ್ಥೆಯ ಹೆಸರನ್ನು ಸರ್ಕಾರಿ ಪುಸ್ತಿಕೆಯಲ್ಲಿ ಹೇಳುವುದು ಸಲ್ಲ, ಬೇಕಾಗಿಯೂ ಇಲ್ಲ. ನಿಮಗೆ ಮುಯ್ಯಾಳು ಪದ್ಧತಿ ಗೊತ್ತೇ ಇದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಇದು ರಕ್ತದ ಮುಯ್ಯಿ. ಸ್ವಂತಕ್ಕೆ ಮಾತ್ರ ಇಡುವುದಕ್ಕಿಂತ ಇದರಲ್ಲಿ ಅರ್ಥವಿದೆಯೆಂದು ಒಪ್ಪುತ್ತೇನೆ. ಏಕೆಂದರೆ ರೋಗಿಗೆ ಬೇಕಾದುದು ಇನ್ನೊಬ್ಬರದೆಂಬ ಸತ್ಯವನ್ನು ಇದು ಒಪ್ಪಿಕೊಂಡಿದೆ. ಆದರೆ ಮುಯ್ಯಿಗೆ ಆಳು ಕಳುಹಿಸಲಾರದ ಬಡವನ ಹೊಲ ಬೀಳು ಬೀಳುತ್ತದೆ. ಹಣವುಳ್ಳವರೊಳಗಿನ ಮುಯ್ಯಿಯನ್ನು ಸಾರ್ವಜನಿಕವೆಂದು ಕರೆಯುವುದು ನನಗೆ ಸರಿಕಾಣದು. ಅದೂ ಅಲ್ಲದೆ ನಮ್ಮಲ್ಲಿ ತಲತಲಾಂತರದಿಂದ ಒಳಗೊಳಗೇ ಸಂಬಂಧ ಬೆಳೆಸಿರುವುದರಿಂದ ಅಂಗಾಂಶದ ತಳಿಗಳು ಬಹಳ. ನಿಧಿಯಲ್ಲಿ ಪಟ್ಟಣದ ಅನುಕೂಲಸ್ಥರದೇ ರಕ್ತ ತುಂಬಿದ್ದರೆ ಸೋಲಿಗರ, ಜೇನುಕುರುಬರ ಮಗುವಿಗೆ ಹೊಂದುವುದು ಅಲ್ಲಿ ಎಲ್ಲಿಂದ ಬರಬೇಕು? ಕುಡಗೋಲು ಕಣದ ರೋಗ ಹೆಚ್ಚಾಗಿರುವುದು ಅವರಲ್ಲಿಯೇ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಥಲಸ್ಸೀಮಿಯಾ ರೋಗಕ್ಕೆ ಅಪರಿಚಿತರ ಹೊಕ್ಕಳು ರಕ್ತ ಚೆನ್ನಾಗಿ ನಾಟಿಕೊಳ್ಳುವುದಿಲ್ಲವೆಂಬುದು ಅನುಭವದಿಂದ ತಿಳಿದಿದೆ. ನಿಧಿಯ ಹೆಚ್ಚಿನ ಪ್ರಯೋಜನ ರಕ್ತದ ಕ್ಯಾನ್ಸರ್ ಮುಂತಾದವುಗಳಿಗೆ. ಅಲ್ಲಿ ಕೂಡ ಈಚಿನ ವರ್ಷಗಳಲ್ಲಿ ಅರ್ಧ ಹೊಂದುವ ತಂದೆತಾಯಿಗಳ ಮಜ್ಜೆಯಿಂದಲೇ ಕಸಿ ಮಾಡುವ ವಿಧಾನ ಬೆಳೆದು, ಹೊಕ್ಕಳು ರಕ್ತದ ಬೇಡಿಕೆ ಲೋಕದಲ್ಲಿ ಕಡಿಮೆಯಾಗಿದೆ. ನಾನು ಹೇಳಿದ ಹುಡುಗನ ಹೆಸರನ್ನು ಬದುಕಿರುವ ದಾನಿಗಳ ಪಟ್ಟಿಯಲ್ಲಿ ಹುಡುಕಲು ಕಸಿ ಆಸ್ಪತ್ರೆಯವರು ಬರೆದುಕೊಂಡಿದ್ದಾರೆ. ಚೆನ್ನೈಯಲ್ಲಿ ೨೦೦೯ರಲ್ಲಿ ಆರಂಭವಾದ ದಾತ್ರಿ ಎಂಬ ಸಂಸ್ಥೆ ಇಂಥ ಪಟ್ಟಿಯನ್ನು ನಡೆಸುತ್ತದೆ. ಹದಿನೆಂಟು ತುಂಬಿದ ಆರೋಗ್ಯವಂತರು ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಕೊಟ್ಟರೆ ಹೆಸರು ಸೇರುತ್ತದೆ. ಇದಕ್ಕೆ ಶೀತದ ತೊಟ್ಟಿ ಬೇಡ, ಠೇವಣಿ ಬೇಡ. ದಾನಿಯೇ ತನ್ನ ಬೀಜವನ್ನು ಹೊತ್ತು ತಿರುಗುತ್ತಿರುತ್ತಾನೆ. ಊರ ಕಣಜವೆಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಇದೇ. ಆ ಹುಡುಗನಿಗೆ ಇನ್ನೂ ಯಾರದೂ ಹೊಂದಿಲ್ಲ. ತಿಂಗಳಿಗೊಮ್ಮೆ ರಕ್ತ, ದಿನವೂ ಕಬ್ಬಿಣ ಇಳಿಸುವ ಮಾತ್ರೆ ನಡೆದಿದೆ, ಶಾಲೆಗೂ ಹೋಗುತ್ತಾನೆ.

ಈಗ ಎಲ್ಲ ತಾಯಂದಿರಿಗೂ ಸಂಬಂಧಿಸಿದ ಮಾತು. ಬಳ್ಳಿಯ ರಕ್ತಕ್ಕೆ ಮೊದಲ ಹಕ್ಕುದಾರ ಯಾರು? ಆಗ ತಾನೇ ಹುಟ್ಟಿದ ಕೂಸು. ಹೆರಿಗೆಯಾದ ಕೂಡಲೇ ಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದೆ. ಆ ಅವಧಿಯಲ್ಲಿ ಮಾಸಿನಲ್ಲಿರುವ ರಕ್ತ ಕೂಸಿನ ಮೈಗೆ ಹರಿದು ಬರುತ್ತದೆ. ಅದರೊಡನೆ ಬರುವ ಕಬ್ಬಿಣದ ಅಂಶ ಮುಂದಿನ ಹಲವು ತಿಂಗಳು ಮಗುವನ್ನು ರಕ್ತಹೀನತೆಯಿಂದ ಕಾಪಾಡುತ್ತದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಮಂದಿ ರಕ್ತಹೀನರು. ಇಂಥ ನಾಡಿನಲ್ಲಿ, ಚೀಲ ತುಂಬಲೆಂದು ಅವಸರದಿಂದ ಬಳ್ಳಿಯನ್ನು ಕಟ್ಟುವುದು ಕೂಸಿನ ಬಾಯಿಂದ ತುತ್ತು ತೆಗೆದಂತೆ. ಕಾದು ಕತ್ತರಿಸಿದರೆ ಚೀಲಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆಂಬುದು ದಿಟ. ಆಗಲಿ. ರಕ್ತ ಸಂಗ್ರಹಕ್ಕೆ ಒಪ್ಪಿದವರು ಕೂಡ ಈ ಕಾಯುವಿಕೆಯನ್ನು ಬಿಟ್ಟುಕೊಡಬಾರದು. ದಾದಿಗೂ ವೈದ್ಯರಿಗೂ ಮೊದಲೇ ಹೇಳಿಡಬೇಕು. ಕೂಸು ಉಸಿರಾಡದಿದ್ದಾಗ ಮಾತ್ರ ವೈದ್ಯರ ನಿರ್ಧಾರಕ್ಕೆ ಬಿಡಿ.

ಕರಪತ್ರದವರು ಮನೆಗೇ ಬಂದರೆ ಏನು ಕೇಳಬೇಕು? ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ತೋರಿಸಲು ಹೇಳಿ. ಹೊಕ್ಕಳು ರಕ್ತದ ಬ್ಯಾಂಕಿಗೆ ಅದು ಕಡ್ಡಾಯ. ಕೂಡಿಟ್ಟ ಚೀಲದಲ್ಲಿ ಎಷ್ಟು ಕೋಶಗಳಿವೆ, ಎಷ್ಟು ಜೀವಂತವಿವೆ ಎಂದು ಬರಹದಲ್ಲಿ ಕೊಡುವರೇ? ಕಂತು ತಪ್ಪಿದರೆ ರಕ್ತ ಏನಾಗುತ್ತದೆ? ಕೂಡು ನಿಧಿಯಾದರೆ, ನಿಮ್ಮ ಮಗುವಿನ ಚೀಲ ಇನ್ನೊಬ್ಬರಿಗೆ ಹೋದ ಮೇಲೆ ನಿಮ್ಮ ಹಕ್ಕೇನು, ಕಸಿಯ ಖರ್ಚು ಯಾರದು? ರಕ್ತ ಪುಕ್ಕಟೆ ದೊರೆತರೂ ಕಸಿಗೆ ಲಕ್ಷಗಟ್ಟಲೆ ಬೇಕಾಗುತ್ತದೆ. ಸಂಸ್ಥೆಯೇ ಮುಚ್ಚಿದರೆ? ಇದು ಕುಹಕದ ಪ್ರಶ್ನೆಯಲ್ಲ. ೨೦೨೩ರ ನವೆಂಬರಿನಲ್ಲಿ ಸಿಂಗಪುರದ ಒಂದು ಖಾಸಗಿ ಬ್ಯಾಂಕಿನಲ್ಲಿ ಶೀತ ಕೆಟ್ಟು ಸುಮಾರು ೨,೨೦೦ ಚೀಲಗಳು ನಿರುಪಯೋಗವಾದವೆಂದು ಅಲ್ಲಿನ ಆರೋಗ್ಯ ಸಚಿವಾಲಯವೇ ಪ್ರಕಟಿಸಿತು. ಅಷ್ಟು ಕಟ್ಟುನಿಟ್ಟಿನ ಊರಿನಲ್ಲಿ! ಇನ್ನು ಸಕ್ಕರೆ ರೋಗ, ಬುದ್ಧಿಮಾಂದ್ಯ ಎಲ್ಲಕ್ಕೂ ಇದೇ ಮದ್ದೆಂದು ಹೇಳುವವರಿಗೆ ಕುಡಿಯಲು ನೀರು ಕೊಟ್ಟು ಕಳುಹಿಸಿಬಿಡಿ.

ಸಾಲ ಮಾಡಿ, ಹಸು ಮಾರಿ, ಒಡವೆ ಒತ್ತೆಯಿಟ್ಟು ಈ ನಿಧಿಗೆ ಸೇರಬೇಡಿರೆಂದು ಇಂದಿಗೂ ಹೇಳುತ್ತೇನೆ. ಅನುಕೂಲವಿದ್ದು ತಿಳಿದು ಸೇರುವವರಿಗೆ ಅಡ್ಡಿಯಿಲ್ಲ. ಆದರೆ ಈಗ ಹೇಳುವ ಮೊದಲು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಗುವಿದೆಯೇ? ಆಗಾಗ ಕೈಕಾಲು ಎಲುಬು ನೋವೆಂದು ಅಳುವ, ಕಣ್ಣು ಹಳದಿಯಾಗುವ ಮಗು? ಬಿಳಚಿಕೊಂಡು ಎರಡು ಮೂರು ವರ್ಷದೊಳಗೆ ತೀರಿಕೊಂಡ ಮಗು? ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗಿರುವಿರಾ? ಹೌದೆಂದಾದರೆ ಗರ್ಭ ನಿಂತಿತೆಂದು ತಿಳಿದ ಕೂಡಲೇ ಬನ್ನಿ. ಏಳನೆಯ ತಿಂಗಳವರೆಗೆ ಕಾಯಬೇಡಿ. ಹಿಮೋಗ್ಲೋಬಿನ್ ಎ೨ ಎಂಬುದನ್ನು ಅಳೆಯುವ ರಕ್ತ ಪರೀಕ್ಷೆಗೆ ಗಂಡ ಹೆಂಡತಿ ಇಬ್ಬರನ್ನೂ ಕಳುಹಿಸಿಕೊಡುತ್ತೇನೆ. ಕುಡಗೋಲು ಕಣದ ರೋಗದ ತಪಾಸಣೆಗೆ ೨೦೨೩ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವಿದೆ. ಒಡಹುಟ್ಟಿದವರದು ಹೊಂದಿದ ಥಲಸ್ಸೀಮಿಯಾ ಮಕ್ಕಳ ಕಸಿಗೆ, ಆದಾಯದ ಮಿತಿಯೊಳಗಿನವರಿಗೆ, ಹತ್ತು ಲಕ್ಷ ರೂಪಾಯಿಗಳವರೆಗೆ ನೆರವು ಕೊಡುವ ಥಲಸ್ಸೀಮಿಯಾ ಬಾಲ ಸೇವಾ ಯೋಜನೆ ೨೦೧೭ರಲ್ಲಿ ಆರಂಭವಾಯಿತು. ಅರ್ಜಿಯ ಕೆಲಸದಲ್ಲಿ ನಮ್ಮ ಸಿಬ್ಬಂದಿ ನೆರವಾಗುತ್ತಾರೆ.

ಪ್ರತಿ ತಿಂಗಳು ೯ನೆಯ ತಾರೀಖು ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಅಂದು ಗಂಡಂದಿರೂ ಜೊತೆಗೆ ಬರತಕ್ಕದ್ದು. ತಾಯಿ ಕಾರ್ಡನ್ನು ತರುವಾಗ ದೊಡ್ಡ ಮಗುವಿನ ಆಸ್ಪತ್ರೆಯ ಚೀಟಿಗಳೂ, ರಕ್ತ ಹಾಕಿಸಿದ ಕಾಗದಗಳೂ ಇದ್ದರೆ ಅವನ್ನೂ ತನ್ನಿ. ಮಗುವನ್ನೇ ಕರೆತಂದರೆ ಇನ್ನೂ ಒಳ್ಳೆಯದು.